ಹಪ್ಪಳದ ಕೆಳಗೊಂದು ನೆರಳು

ಪಕ್ಕದ ಮನೆಯ ವಿಶ್ವಾರಾಧ್ಯ ಕೈಯಲ್ಲಿ ಏನಾದರೂ ಹಿಡಿದು ನಗುತ್ತ ಬಂದರೆ ಪುಟ್ಟಗೌರಮ್ಮನವರ ಎದೆ ಧಸಕ್ಕೆನ್ನುತ್ತಿತ್ತು. ಹೋದ ಸಲ ಅವನೇ ಕಟ್ಟಿದ ಬಟ್ಟೆ ಒಣಗಿಸುವ ಯಂತ್ರ ಅವರ ಹೊಸ ಸೀರೆಯನ್ನು ಒಣಗಿಸಿ ಒಣಗಿಸಿ ಕರ್ಚೀಫು ಮಾಡಿಟ್ಟಿತ್ತು! ಇವತ್ತು ತಾರಸಿಯ ಮೇಲೆ ಮದುವೆ ಮನೆಗೆಂದು ಒತ್ತಿದ ಉದ್ದಿನ ಹಪ್ಪಳ ಹರಡಿದೆ. ಸಂಜೆಗೆ ಒಣಗಿಸಿ ಕೊಡದಿದ್ದರೆ ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಮಣ್ಣುಪಾಲು. ಅಂಥ ದಿನವೇ ಅವನು ಡಬರಿಯಷ್ಟು ದೊಡ್ಡ ದೀಪದಂಥದೊಂದನ್ನು ಹೊತ್ತು ಮೆಟ್ಟಿಲು ಹತ್ತಿದ.

“ದೊಡ್ಡಮ್ಮ, ನಿಮ್ಮ ಹಪ್ಪಳಕ್ಕೆ ವೆಬ್‌ಸೈಟು ಮಾಡ್ತಿದ್ದೀನಲ್ಲ, ಫೋಟೋದಲ್ಲಿ ಸಪ್ಪೆಯಾಗಿ ಕಾಣ್ತಿದೆ. ಕೆಳಗೊಂದು ನೆರಳು ಬೇಕು!”

“ನೆರಳಾ? ಹಪ್ಪಳಕ್ಕೆ ಬಿಸಿಲು ಬೇಕು ಕಣಪ್ಪ!”

“ಮೇಲಲ್ಲ, ಕೆಳಗೆ! ಅರೆಬರೆ ಕಾಣೋ ನೆರಳು. ಪದರದ ಮೇಲೆ ಪದರ ಇಟ್ಟರೆ ಹಪ್ಪಳ ಪುಟದಿಂದ ಎದ್ದು ನಿಂತ ಹಾಗೆ ಕಾಣುತ್ತೆ. ಕಂಪ್ಯೂಟರಿನಲ್ಲಿ ಎಲ್ಲರೂ ಮಾಡ್ತಾರೆ. ನನ್ನ ಯಂತ್ರ ನಿಜವಾದ ಹಪ್ಪಳಕ್ಕೇ ಮಾಡುತ್ತೆ, ಅದೂ ಬಿಸಿಲಿನಿಂದಲೇ!”

ಪುಟ್ಟಗೌರಮ್ಮ ನಂಬಲಿಲ್ಲ. ಕಾಗೆ ಓಡಿಸುವ ಕೋಲು ಹಿಡಿದು ಯಂತ್ರಕ್ಕೆ ಒಂದು ಸುತ್ತು ಬಂದರು, ಮೂಸಿಯೂ ನೋಡಿದರು.

ವಿಶ್ವ ಗುಂಡಿ ಒತ್ತಿದ. ಹಪ್ಪಳಗಳ ಕೆಳಗೆ ನೆರಳಿನ ಮೊದಲ ಪದರ ಬಿತ್ತು, ನೀರು ಕಾಫಿಯಷ್ಟು ತೆಳು. ಸಾಲದೆಂದು ಎರಡನೆಯದನ್ನೂ ಹಾಕಿದ.

“ಹಪ್ಪಳ ಅಲ್ಲಾಡ್ತಿವೆಯಲ್ಲೋ!”

“ಗಾಳಿ, ದೊಡ್ಡಮ್ಮ.”

“ಗಾಳಿಯಾದ್ರೆ ನನ್ನ ಸೆರಗು ಯಾಕೆ ಅಲ್ಲಾಡ್ತಿಲ್ಲ?”

ಮೂರನೆಯ ಪದರ ಬೀಳುತ್ತಲೇ ಹಪ್ಪಳಗಳೆಲ್ಲ ಮೊಣಕಾಲೆತ್ತರಕ್ಕೆ ಎದ್ದವು! ಇಷ್ಟು ನೆರಳಿದ್ದ ಮೇಲೆ ವಸ್ತು ಇಷ್ಟು ಎತ್ತರದಲ್ಲಿ ಇರಲೇಬೇಕೆಂದು ಯಂತ್ರ ತೀರ್ಮಾನಿಸಿಬಿಟ್ಟಿತ್ತು. ವಿಶ್ವ ಗಾಬರಿಯಿಂದ ಪದರ ತೆಗೆಯುವ ಗುಂಡಿ ಹುಡುಕಿದ. ಅದನ್ನು ಇಡುವುದನ್ನೇ ಮರೆತಿದ್ದ! ಕೈಗೆ ಸಿಕ್ಕ ಗುಂಡಿ ಒತ್ತಿದ್ದಕ್ಕೆ ಮತ್ತೆರಡು ಪದರ ಬಿದ್ದು ಹಪ್ಪಳಗಳು ತೆಂಗಿನ ಗರಿಯ ಮಟ್ಟಕ್ಕೆ ಏರಿದವು. ಅಲ್ಲಿ ಬೀದಿಯ ಕಾಗೆಗಳೆಲ್ಲ ಕಾದು ಕುಳಿತಿದ್ದವು.

“ಅಯ್ಯೋ, ನನ್ನ ಮಾನ ಹೋಯ್ತು! ಮದುವೆ ಮನೆಯೋರಿಗೆ ಏನು ಹೇಳ್ಲಿ?” ಪುಟ್ಟಗೌರಮ್ಮನವರಿಗೆ ಅಳುವೇ ಬಂತು.

ವಿಶ್ವ ಯಂತ್ರವನ್ನು ತಲೆಕೆಳಗು ಮಾಡಲು ಹೋದ. ಬೆರಳು ಗುಂಡಿಯ ಮೇಲೇ ಇತ್ತು, ಬೆಳಕು ಅವನ ಕಾಲಿಗೆ ಬಿತ್ತು. ಪದರದ ಮೇಲೆ ಪದರ ಸೇರಿ ಅವನೂ ಮೇಲೆದ್ದ!

“ದೊಡ್ಡಮ್ಮ, ಹಿಡ್ಕೊಳ್ಳಿ!”

ಪುಟ್ಟಗೌರಮ್ಮ ಕಣ್ಣೊರೆಸಿಕೊಂಡು ಕೋಲು ಚಾಚಿದರು. ಅವನು ತುದಿ ಹಿಡಿದ ಕೂಡಲೇ ಕೈಬಿಟ್ಟರು.

“ಇಳೀಬೇಡ! ಅಲ್ಲೇ ಇದ್ದು ಕಾಗೆ ಓಡಿಸು!”

ಮಧ್ಯಾಹ್ನವೆಲ್ಲ ಅವನು ಕಾಗೆಗಳೊಡನೆ ಕಾದಾಡಿದ. ಹೊತ್ತು ಇಳಿದಂತೆ ನೆರಳಿನ ಪದರಗಳೂ ಒಂದೊಂದಾಗಿ ಕರಗಿ ಹಪ್ಪಳಗಳು ಮೆಲ್ಲಗೆ ಕೆಳಗೆ ಬಂದವು. ವಿಶ್ವನಿಗೆ ಬಿದ್ದ ಪದರಗಳು ಜಾಸ್ತಿ, ಅವನು ಮಾತ್ರ ಅಲ್ಲೇ ಉಳಿದ.

ಅಷ್ಟರಲ್ಲಿ ಮದುಮಗಳ ಸೋದರಮಾವ ಬಂದರು. ಒಂದು ಹಪ್ಪಳ ಪಟ್ಟೆಂದು ಮುರಿದು ನೋಡಿ, “ಭೇಷ್! ಎರಡೂ ಕಡೆ ಒಂದೇ ಸಮ ಒಣಗಿದೆ!” ಎಂದವರು ಹಾಗೇ ಕತ್ತೆತ್ತಿದರು. ತಲೆಯ ಮೇಲೆ ಎರಡು ಕಾಲು ಜೋತಾಡುತ್ತಿದ್ದವು.

“ಅದೇನಮ್ಮ ಮೇಲೆ?”

ಪುಟ್ಟಗೌರಮ್ಮ ಹಪ್ಪಳ ತುಂಬಿದ ಡಬ್ಬದ ಮುಚ್ಚಳ ಬಿಗಿದರು.

“ಅದಿನ್ನೂ ಒಣಗಿಲ್ಲ. ನೀವು ನಿಮ್ಮದು ತಗೊಂಡು ಹೊರಡಿ.”