ಷಡ್ಡಕನ ಮನೆಯ ಬಂಡೆ

ನಾನು ಹೊಟ್ಟೆಕಿಚ್ಚಿನ ಮನುಷ್ಯನಲ್ಲ ಎಂದರೆ ಅಡುಗೆಮನೆಯಿಂದ ನನ್ನ ಹೆಂಡತಿ ಕೆಮ್ಮುತ್ತಾಳೆ. ಆದ್ದರಿಂದ ಒಪ್ಪಿಕೊಂಡೇ ಬಿಡುತ್ತೇನೆ. ಆದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಎಲ್ಲೆಯಿದೆ. ಬೆಂಗಳೂರಿನಲ್ಲಿ ಯಾರೋ ಬಂಗಲೆ ಕಟ್ಟಿಸಿದರೆ ನನಗೇನೂ ಆಗುವುದಿಲ್ಲ. ಹಿರಿಯೂರಿನಲ್ಲಿ ಕಟ್ಟಿಸಿದರೆ ಸ್ವಲ್ಪ ಎದೆಯುರಿ, ಒಂದು ಲೋಟ ಮಜ್ಜಿಗೆಗೆ ಶಮನವಾಗುತ್ತದೆ. ಪಕ್ಕದ ಸೈಟಿನಲ್ಲಿ, ಅದೂ ಸ್ವಂತ ಷಡ್ಡಕ ಕಟ್ಟಿಸಿದರೆ ಮಾತ್ರ ಯಾವ ಮಜ್ಜಿಗೆಯೂ ನಾಟುವುದಿಲ್ಲ. ಹೆಂಡತಿಯ ತಂಗಿಯ ಗಂಡ ಎಂಬ ಪ್ರಾಣಿಯನ್ನು ದೇವರು ಸೃಷ್ಟಿಸಿದ್ದೇ ಹೋಲಿಸಿ ನೋಡುವುದಕ್ಕೆ. ದೊಡ್ಡಳಿಯ ಏನು ತಂದ, ಚಿಕ್ಕಳಿಯ ಏನು ತಂದ ಎಂದು ಮಾವನ ಮನೆಯ ಪಡಸಾಲೆಯಲ್ಲಿ ನಡೆಯುವಂಥ ವಿಚಾರಣೆ ಯಾವ ಕೋರ್ಟಿನಲ್ಲೂ ನಡೆಯುವುದಿಲ್ಲ.

ಮಾಡದಕೆರೆಯ ನಮ್ಮ ಮಾವ ಇಬ್ಬರು ಹೆಣ್ಣುಮಕ್ಕಳಿಗೂ ಚಂದ್ರವಳ್ಳಿಯ ದಾರಿಯಲ್ಲಿ ಅಕ್ಕಪಕ್ಕದ ಸೈಟು ಕೊಡಿಸಿದರು. ಕಲ್ಲಿನ ಕೋಟೆಯ ದುರ್ಗದಲ್ಲಿ ಸೈಟೆಂದ ಮೇಲೆ ಬಂಡೆ ಇಲ್ಲದೆ ಇರುತ್ತದೆಯೇ? ಇಬ್ಬರಿಗೂ ಆನೆಗಾತ್ರದ ಒಂದೊಂದು ಬಂಡೆ ಬಂತು. ನಾನು ಸರ್ಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು, ಬಂಡೆಗೆ ಸೋಲುವವನಲ್ಲ. ವಡ್ಡರನ್ನು ಕರೆಸಿ ಒಡೆಸಿ ಹಾಕಿದೆ. ಸಿಮೆಂಟು ಸರ್ಕಾರದ ಪರ್ಮಿಟ್ಟಿಗಷ್ಟೇ ಸಿಗುತ್ತಿದ್ದ ಕಾಲ, ಅದಕ್ಕಾಗಿ ಅಲೆದೂ ಅಲೆದೂ ಚಪ್ಪಲಿ ಸವೆಸಿದೆ. ವಿಮಾನದ ರೆಕ್ಕೆಯಂಥ ಸಜ್ಜಾ, ದುಂಡು ಕಿಟಕಿ, ಮೊಸಾಯಿಕ್ ನೆಲ, ತಾರಸಿಯ ಮೇಲೆ ಆಕಾಶಕ್ಕೆ ಬೆರಳು ತೋರಿಸುತ್ತ ನಿಂತ, ಯಾವ ಕೆಲಸಕ್ಕೂ ಬಾರದ ತೂತಿನ ಗೋಡೆ. ಅದೇ ಆಗಿನ ಫ್ಯಾಷನ್ನು.

ನನ್ನ ಷಡ್ಡಕ ಕರಿಯಣ್ಣನದು ಸಂತೇಪೇಟೆಯಲ್ಲಿ ಕಂಬಳಿ ಅಂಗಡಿ. ಅವನು ಒಂದು ದಿನ ತಲೆ ಕೆರೆಯುತ್ತ ಬಂದ. “ಅಣ್ಣ, ನಂಗೆ ಅಷ್ಟೊಂದು ಸಿಮೆಂಟು ಎಲ್ಲಿ ಸಿಗ್ತೈತೆ? ಬಂಡೆ ಹೆಂಗೂ ನಿಂತೈತೆ. ಅದನ್ನೇ ಹಿಂದ್ಲ ಗೋಡೆ ಮಾಡ್ಕಂಡ್ರೆ ಹೆಂಗೆ?” ಎಂದ. ಮಾಡ್ಕೋ ಮಾರಾಯ ಎಂದು ಬೆನ್ನು ತಟ್ಟಿ, ಅವನು ಗೇಟು ದಾಟಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಚೇರಿಯಲ್ಲೂ ಹೇಳಿ ನಗಿಸಿದೆ. ಅವನು ನಿಜವಾಗಿಯೂ ಹಾಗೇ ಕಟ್ಟಿದ. ನಡುಮನೆಯ ಹಿಂಗೋಡೆಯೇ ಬಂಡೆ, ಅದರ ಬುಡವೇ ಕೂರುವ ಜಗಲಿ, ಕುಳಿ ಇದ್ದಲ್ಲಿ ದೀಪದ ಗೂಡು.

ಆಗ ಊರಿನ ಕಟ್ಟಡ ಸಾಮಾನಿನ ವರ್ತಕರೆಲ್ಲ ಸೇರಿ ಜಿಲ್ಲೆಯ ಅತ್ಯುತ್ತಮ ಹೊಸ ಮನೆಗೆ ಬಹುಮಾನ ಸಾರಿದರು. ಬಹುಮಾನ ಬೆಳ್ಳಿಯ ಕರಣೆ. ಗಾರೆಯವನ ಕೈಯಲ್ಲಿ ಕಬ್ಬಿಣದ್ದಿರುವ ಕರಣೆ ನನ್ನ ಕೈಯಲ್ಲಿ ಬೆಳ್ಳಿಯದಾಗಿ ಹೊಳೆಯುವುದನ್ನು ನಾನು ಅಂದಿನಿಂದಲೇ ನೋಡತೊಡಗಿದೆ. ಅದನ್ನಿಡಲು ನಮ್ಮ ನಡುಮನೆಯ ಗೂಡಿಗೆ ಕೆಂಪು ಮಕಮಲ್ಲು ಹಾಸಿಸಿದೆ. ಗೆದ್ದಂತೆಯೇ ಎಂದು ಮಾವನಿಗೂ ಹೇಳಿ ಕಳಿಸಿದೆ. ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಮದುವೆ ಫೋಟೋದಲ್ಲಿ ಕುಳ್ಳರ ಪಕ್ಕ ನಿಂತರೆ ನಾವು ಉದ್ದ ಕಾಣುತ್ತೇವಲ್ಲ, ಆ ಬುದ್ಧಿ ಓಡಿತು. ಕರಿಯಣ್ಣನನ್ನು ಪುಸಲಾಯಿಸಿ ಅವನಿಂದಲೂ ಅರ್ಜಿ ಹಾಕಿಸಿದೆ. ತೀರ್ಪುಗಾರರು ಆ ಬಂಡೆಮನೆ ನೋಡಿದ ಕಣ್ಣಲ್ಲೇ ನನ್ನ ಮನೆ ನೋಡಲಿ ಎಂದು.

ಬೇಸಿಗೆಯ ನಡುಮಧ್ಯಾಹ್ನ ಅವರು ಬಂದರು. ಬೆಂಗಳೂರಿನ ಇಬ್ಬರು, ಬೆಲ್‌ಬಾಟಂ ಪ್ಯಾಂಟು, ಕಿವಿ ಮುಚ್ಚುವ ಕೂದಲು. ಅವರು ಬರುತ್ತಾರೆಂದು ನನ್ನ ನಾದಿನಿ ಬೆಳಿಗ್ಗೆಯೇ ಮನೆ ಮುಂದೆ ದೃಷ್ಟಿಬೊಂಬೆ ನಿಲ್ಲಿಸಿದ್ದಳು. ನಾನೇ ಎತ್ತರಿಸಿದ್ದ ಕಾಂಪೌಂಡಿನ ಈಚೆಗೆ ಅದರ ಮಡಕೆ ತಲೆಯಷ್ಟೇ ಕಾಣುತ್ತಿತ್ತು. ಹಳ್ಳಿ ಬುದ್ಧಿ ಎಂದುಕೊಂಡೆ.

ಮೊದಲು ನನ್ನ ಮನೆ ನೋಡಿದರು. ತೂತಿನ ಗೋಡೆ ಯಾಕೆ ಎಂದು ಒಬ್ಬ ಕೇಳಿದ. ಅಂದಕ್ಕೆ ಎಂದೆ. ದುಂಡು ಕಿಟಕಿ ಯಾಕೆ ಎಂದ. ಅದೂ ಅಂದಕ್ಕೆ. ಇನ್ನೊಬ್ಬ ಕರವಸ್ತ್ರದಿಂದ ಬೆವರು ಒರೆಸಿಕೊಳ್ಳುತ್ತಲೇ ಇದ್ದ. ಬಂಡೆಮನೆ ನೋಡಿ ಬನ್ನಿ, ಅಷ್ಟರಲ್ಲಿ ಕಾಫಿ ಆಗಿರುತ್ತದೆ ಎಂದೆ.

ಹೋದವರು ಬರಲೇ ಇಲ್ಲ. ಕಾಫಿ ಆರಿತು, ಬಿಸಿ ಮಾಡಿಸಿದೆ, ಮತ್ತೆ ಆರಿತು. ಕೊನೆಗೆ ನಾನೇ ಹಿತ್ತಲ ಕಡೆಯಿಂದ ಹೋಗಿ ಪಕ್ಕದ ಕಿಟಕಿಯಲ್ಲಿ ಇಣುಕಿದೆ. ಒಬ್ಬ ಬಂಡೆಗೆ ಬೆನ್ನು ಕೊಟ್ಟು ಮಂಡಕ್ಕಿ ಮೆಲ್ಲುತ್ತಿದ್ದ. ಇನ್ನೊಬ್ಬ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ನಿದ್ದೆ ಹೋಗಿದ್ದ. ಕರಿಯಣ್ಣ, “ಬರ್ರಿ ಅಣ್ಣ, ಕುಂತ್ಕಳ್ರಿ, ತಂಪೈತೆ,” ಎಂದ. ನನ್ನೊಳಗೆ ಏನು ಉರಿಯುತ್ತಿತ್ತೆಂದರೆ ಆ ಬಂಡೆಯನ್ನಲ್ಲ, ಇಡೀ ಕೋಟೆಯನ್ನೇ ತಂದು ಎದೆಗೆ ಒತ್ತಿದರೂ ತಣ್ಣಗಾಗುತ್ತಿರಲಿಲ್ಲ.

ಕರಣೆ ಅವನಿಗೇ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ನೆಲದ ಗುಣವರಿತು ಕಟ್ಟಿದ ಮನೆಯಂತೆ! ನೆಲದ ಗುಣ ಅರಿತವನಂತೆ ಆ ಕಂಬಳಿಯವನು! ಕರಣೆಯನ್ನು ಅವನು ಮೊದಲು ನನ್ನ ಕೈಗೇ ತಂದುಕೊಟ್ಟು, ಅರ್ಜಿ ಹಾಕಿಸಿದ್ದು ನೀವಲ್ವಾ, ಒಂದಷ್ಟು ದಿನ ನಿಮ್ಮನೇಲೇ ಇರ್ಲಿ ಎಂದ. ಸೋಲನ್ನಾದರೂ ಸಹಿಸಬಹುದು, ಗೆದ್ದವನ ಒಳ್ಳೆಯತನವನ್ನು ಸಹಿಸುವುದು ಬಹಳ ಕಷ್ಟ. ನಮ್ಮ ಗೂಡು ಚಿಕ್ಕದು, ಹಿಡಿಸುವುದಿಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ.

ಮರುದಿನ ಪೇಪರಿನಲ್ಲಿ ಆ ಮನೆಯ ಫೋಟೋ ಬಂತು. ನಾನು ಪೇಪರನ್ನು ಮುಟ್ಟಲಿಲ್ಲ. ಆದರೆ ಕಚೇರಿಯ ಜವಾನ ಹುಸೇನ್ ಸಾಬರು ಬಿಡಬೇಕಲ್ಲ. “ಸಾರ್, ನೀವೂ ಬಂದೀರಲ್ಲ ಫೋಟೋದಾಗೆ,” ಎಂದರು. ಎಲ್ಲಿ ಎನ್ನುವಷ್ಟರಲ್ಲಿ ನನ್ನ ಎದೆ ಅರ್ಧ ಉಬ್ಬಿತ್ತು. ಅವರು ದೃಷ್ಟಿಬೊಂಬೆಯ ಮೇಲೆ ಬೆರಳಿಟ್ಟರು. “ಚೌಕಳಿ ಅಂಗಿ, ಜೇಬಿನ ಮೇಲೆ ಇಂಕಿನ ಕಲೆ. ನಿಮ್ಮದೇ ಐತೆ ನೋಡ್ರಿ.”

ಸಂಜೆ ಹೆಂಡತಿಯನ್ನು ನಿಲ್ಲಿಸಿ ಕೇಳಿದೆ. ಅವಳು ಕಾಳು ಆರಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. “ತಂಗಿ ಒಂದು ಹಳೇ ಅಂಗಿ ಕೇಳಿದ್ಲು. ಯಾರ ಕಣ್ಣು ಬೀಳ್ತೈತೋ ಅವರ ಅಂಗೀನೇ ಆದ್ರೆ ಒಳ್ಳೇದು ಅಂತ ನಾನೇ ಕೊಟ್ಟೆ,” ಎಂದಳು.

ನನ್ನ ಮೊಸಾಯಿಕ್ ಮನೆ ಬೇಸಿಗೆಯಲ್ಲಿ ಹಂಚಿನಂತೆ ಕಾಯುತ್ತದೆ. ಹಾಗಾಗಿ ರಜಾದಿನ ಊಟವಾದೊಡನೆ ಬಂಡೆಗೆ ಬೆನ್ನು ಕೊಡಲು ಷಡ್ಡಕನ ಮನೆಗೆ ಹೋಗುತ್ತೇನೆ. ಬೊಂಬೆ ಇನ್ನೂ ಬಾಗಿಲ ಮುಂದೆಯೇ ಇದೆ. ಗಾಳಿಗೆ ಅದರ ಕಾಲರು ಮಡಚಿಕೊಂಡಿದ್ದರೆ ಸರಿಮಾಡಿಯೇ ಒಳಗೆ ಹೋಗುತ್ತೇನೆ. ಜಿಲ್ಲೆಯ ಅತ್ಯುತ್ತಮ ಮನೆಯ ಮುಂದೆ ನಾನು ಹೇಗೆಂದರೆ ಹಾಗೆ ನಿಂತಿರಲು ಆಗುತ್ತದೆಯೇ?