ಅಜ್ಟೆಕ್ ದೇವಿಯೊಡನೆ ನಮ್ಮ ಸೋದರತ್ತೆಯ ಮಾತುಕತೆ

ನಮ್ಮ ಸೋದರತ್ತೆಗೆ ಅಪರಿಚಿತರು ಎಂಬುವವರೇ ಇಲ್ಲ. ಇನ್ನೂ ಮಾತಾಡಿಸದೇ ಬಿಟ್ಟವರಿದ್ದಾರೆ, ಅಷ್ಟೇ! ನನ್ನೊಡನೆ ಹುಬ್ಬಳ್ಳಿಯಲ್ಲಿ ಮುಂಬೈ ರೈಲು ಹತ್ತಿದವಳು, ಧಾರವಾಡ ಬರುವುದರೊಳಗೆ ಟಿಕೆಟ್ ನೋಡಲು ಬಂದವರಿಗೆ ಅಮ್ಮಿನಬಾವಿಯ ಒಂದು ಕನ್ಯೆಯನ್ನು ಗೊತ್ತು ಮಾಡಿಬಿಟ್ಟಿದ್ದಳು.

"ಅಮ್ಮಾರ, ನಂದು ಮದುವಿ ಆಗೈತ್ರಿ," ಎಂದರು ಅವರು.

"ಆಗ್ಲಿ ಬಿಡ್ರಿ, ನಿಮ್ಮ ತಮ್ಮಗ ನೋಡೂಣಂತ!"

ಇಂಥವಳಿಗೆ ಮುಂಬೈಯಲ್ಲಿ ಬಾಯಿ ಮುಚ್ಚಿಕೊಂಡಿರುವ ಶಿಕ್ಷೆ ಕಾದಿತ್ತು ನೋಡಿ! ಅಲ್ಲಿ ಅವಳ ಮಗಳು ಏಳು ತಿಂಗಳ ಬಸುರಿ. ಹೋದ ಸಲ ಕೂಸು ಇದೇ ಹೊತ್ತಿಗೆ, ದಿನ ತುಂಬದೆ ಹುಟ್ಟಿ, ಉಳಿಯಲಿಲ್ಲ. ಆ ಹೆದರಿಕೆಗೆ ಈ ಸಲ ಕುಬಸ, ಸೀಮಂತದ ಶಾಸ್ತ್ರವೂ ಬೇಡ, ಕೂಸಿನ ಸುದ್ದಿಯೂ ಬೇಡ ಎಂದು ಮಗಳು ಕಟ್ಟಪ್ಪಣೆ ಮಾಡಿದ್ದಳು. ಅತ್ತೆ ಆಣೆ ಮಾಡಿ ಒಪ್ಪಿದ್ದಳು. ಬಾಯಿ ತೆರೆದಾಗಲೆಲ್ಲ ಏನೋ ನುಂಗಿ ಮತ್ತೆ ಮುಚ್ಚುವಳು. ಸೀಟಿ ಕೂಗದ ಕುಕ್ಕರಿನ ಪಕ್ಕ ಕೂತಂತೆ ನನಗೆ ಭಯ!

"ಮನ್ಯಾಗ ಕುಂತರ ನೀವಿಬ್ಬರೂ ನನ್ನ ಹೊಟ್ಟಿನ ನೋಡ್ತೀರಿ. ನಡೀರಿ, ಎಲ್ಲ್ಯರ ಹೋಗೂಣು," ಎಂದು ಮಗಳೇ ನಮ್ಮನ್ನು ಒಂದು ಮ್ಯೂಸಿಯಂಗೆ ಕರೆದೊಯ್ದಳು. ಅಲ್ಲಿ ಮೆಕ್ಸಿಕೊ ದೇಶದಿಂದ ತಂದ, ಹಳೆಯ ಕಾಲದ ಅಜ್ಟೆಕ್ ಜನರ ವಸ್ತುಗಳ ಪ್ರದರ್ಶನವಿತ್ತು.

ಅತ್ತೆಗೆ ಹಬ್ಬ! ಮನುಷ್ಯರೊಡನೆ ಮಾತಾಡುವುದಕ್ಕಷ್ಟೇ ಅಡ್ಡಿ, ಕಲ್ಲಿನವರೊಡನೆ ಯಾರ ಅಡ್ಡಿ? ಹಲ್ಲು ಕಿರಿದ ಮುಖವಾಡಕ್ಕೆ, "ಯಾಕಪಾ, ಹಲ್ಲ ನೋಯಾಕತ್ತಾವೇನು?" ಎಂದಳು. ಸುರುಳಿ ಸುತ್ತಿದ ಕಲ್ಲಿನ ಹಾವಿಗೆ ಕೈ ಮುಗಿದಳು. ಹಸಿರು ಮಣಿಯ ಸರ ಕಂಡು, ಇದರ ಜೋಡಿ ಕಿವಿಯ ಬೆಂಡೋಲೆ ಎಲ್ಲಿ ಎಂದು ಗಾಜಿಗೆ ಮೂಗು ಹಚ್ಚಿ ಹುಡುಕಿದಳು. ಕಾವಲಿನ ಹುಡುಗ, "ಪೀಛೆ ಮಾಂಜೀ, ಪೀಛೆ!" ಎಂದು ಹಿಂದೆ ಸರಿಸಿದ.

ಅತ್ತೆ ನನ್ನ ಕಿವಿಯಲ್ಲಿ, "ಛಲೋ ಹುಡುಗ ಅದಾನ. ಮದುವಿ ಆಗೈತೇನ ಕೇಳು."

ಕೊನೆಗೆ ಮಂಡಿಯೂರಿ ಕೂತ ಒಂದು ಕಲ್ಲಿನ ಹೆಂಗಸು. ಕೆಳಗಿನ ಇಂಗ್ಲಿಷನ್ನು ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮಗಳೇ ಓದಿ ಹೇಳಿದಳು. "ನೀರಿನ ದೇವಿ ಅಂತ. ಕೂಸು ಹುಟ್ಟಿದ ಕೂಡ್ಲೇ ಸೂಲಗಿತ್ತಿ ಈಕಿ ಹೆಸರ ಹೇಳಿ ಮೈ ತೊಳೀತಿದ್ಲಂತ..."

ಓದುವುದನ್ನು ಬಿಟ್ಟು ಮುಖ ಆಚೆ ತಿರುಗಿಸಿದಳು.

ಅತ್ತೆ ಮಗಳ ಕಡೆ ನೋಡಲಿಲ್ಲ. ದೇವಿಯ ಹತ್ತಿರ ಸರಿದಳು.

"ಯವ್ವಾ, ನಾ ನಿನ್ನ ಜೋಡಿ ಅಷ್ಟ ಮಾತಾಡಾಕತ್ತೇನಿ, ಮತ್ಯಾರ ಜೋಡಿನೂ ಅಲ್ಲ. ನಮ್ಮ ಮನ್ಯಾಗ ಒಂದು ಕೂಸು ಬರೂದೈತಿ. ಅದರವ್ವ ಭಾಳ ಹೆದರ್ಯಾಳ. ಒಂದೀಟ ನೋಡ್ಕೋ."

ಆಣೆ ಮುರಿಯಿತು, ಇನ್ನು ಜಗಳ ಖಂಡಿತ ಎಂದುಕೊಂಡೆ. ಮಗಳು ಸಿಟ್ಟಾಗಲಿಲ್ಲ. ಅವ್ವನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಆಕಿಗೇನ ಹೇಳ್ತೀಬೇ? ಒಳಗ ಎಚ್ಚರ ಐತಿ, ಇದಕ್ಕ ಹೇಳು."

ಅತ್ತೆ ಬಗ್ಗಿದಳು. ಅವಳ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಕೂಸ, ಅವಸರ ಮಾಡಬ್ಯಾಡ. ಸಾವಕಾಶ ಬಾ. ನಾವೆಲ್ಲಾ ಇಲ್ಲೇ ಅದೇವಿ."