ಎಷ್ಟು ದೂರ ಕಾಣ್ತದೆ?

ದರ್ಜಿ ಸೊಂಟದ ಅಳತೆ ತೆಗೆಯುವುದನ್ನು ನೀವು ಕಂಡಿದ್ದೀರಿ. ನೋಟದ ಅಳತೆ ತೆಗೆಯುವವನನ್ನು ಕಂಡಿದ್ದೀರಾ? ನಮ್ಮ ನೆರೂಳಿನ ಮನೆಯಲ್ಲಿ ಒಬ್ಬನಿದ್ದ, ನನ್ನ ಮೈದುನ!

ಅವನು ಕಂಪ್ಯೂಟರಿನಲ್ಲಿ ಒಂದು ಆಟ ತಯಾರಿಸುತ್ತಿದ್ದ. ಆಟದಲ್ಲೊಂದು ಉಡುಪಿ ಹೋಟೆಲು. ಹಣದ ಗಲ್ಲೆಯಲ್ಲಿ ಕೂತ ಯಜಮಾನನ ಕಣ್ಣು ತಪ್ಪಿಸಿ ಕಳ್ಳ ಮೈಸೂರುಪಾಕು ಹಾರಿಸಬೇಕು. ಆದರೆ ಆ ಯಜಮಾನನಿಗೆ ಗೋಡೆಯಾಚೆಗೂ ಕಾಣುತ್ತಿತ್ತು, ಬೆನ್ನ ಹಿಂದೆಯೂ ಕಾಣುತ್ತಿತ್ತು! ಕಳ್ಳ ಹೊಸ್ತಿಲು ದಾಟುವ ಮೊದಲೇ ಆಟ ಮುಗಿಯುತ್ತಿತ್ತು. ಆ ಕಣ್ಣಿಗೊಂದು ಮಿತಿ ಹಾಕಬೇಕು: ಇಷ್ಟೇ ದೂರ, ಇಷ್ಟೇ ಅಗಲ. ಎಷ್ಟೆಂದು ತಿಳಿಯಲು ಮನೆಯಲ್ಲಿ ನಾವಿದ್ದೆವಲ್ಲ!

ಮಾವನಿಗೆ ಡೊಂಬಿವಿಲಿಯಲ್ಲಿ ನಿಜವಾದ ಹೋಟೆಲೇ ಇತ್ತು. "ಚೌತಿಯ ತನಕ ನೋಡ್ತೇನೆ. ಅಷ್ಟರೊಳಗೆ ಈ ಆಟದಿಂದ ಕೆಲಸ ಸಿಗದಿದ್ರೆ ಬಂದು ಗಲ್ಲೆಯಲ್ಲಿ ಕೂತ್ಕೋ" ಎಂದು ಖಡಾಖಂಡಿತವಾಗಿ ಹೇಳಿದ್ದರು. ಆಟ ತೋರಿಸಲು ಠಾಣೆ ಪಟ್ಟಣದ ಒಂದು ಕಂಪನಿ ಕರೆದಿತ್ತು. ಇದ್ದ ಆಸೆ ಅದೊಂದೇ.

ಮೊದಲು ಸಿಕ್ಕಿಬಿದ್ದವರು ಅತ್ತೆ. ಬೀನ್ಸ್ ಮುರಿಯುತ್ತಿದ್ದ ಅವರ ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಬೆನ್ನ ಹಿಂದಿನಿಂದ ಮೆಲ್ಲಗೆ ಬಂದ.

"ಅಮ್ಮ, ಈಗ ನಾನು ಕಾಣ್ತೇನಾ?"

"ಇಲ್ಲ. ಆ ಚಕ್ಕುಲಿ ಡಬ್ಬ ಅಲ್ಲೇ ಇಡು."

ತಾಯಂದಿರನ್ನು ಆಟಕ್ಕೆ ಹಾಕಿದರೆ ಕಳ್ಳರ ಕುಲವೇ ನಾಶವೆಂದು ಅವರನ್ನು ಕೈಬಿಟ್ಟ.

ಆಮೇಲೆ ಸ್ಟೇಷನ್. ಲೋಕಲಿನಿಂದ ಇಳಿಯುವ ನನ್ನ ಗಂಡ ಎಷ್ಟು ದೂರದಿಂದ ಗುರುತಿಸುತ್ತಾರೆಂದು ನೋಡಲು ಕಂಬದಿಂದ ಕಂಬಕ್ಕೆ ಅವಿತುಕೊಳ್ಳುತ್ತಾ ಹೋದ. ಅಣ್ಣ ಗುರುತಿಸಲಿಲ್ಲ, ಪೊಲೀಸ್ ಗುರುತಿಸಿದ! "ಕಾಯ್ ಚಾಲಲಂಯ್ ರೇ?" ಏನೋ ನಡೆಸಿದ್ದೀ ಎಂದು ಮರಾಠಿಯಲ್ಲಿ ಗದರಿದರೆ ಇವನು, "ಸಾಹೇಬ್, ಕಿತೀ ಲಾಂಬೂನ್ ದಿಸಲೋ ಮೀ?" ಎಂದನಂತೆ. ಎಷ್ಟು ದೂರದಿಂದ ಕಂಡೆ ಎಂದು ಪೊಲೀಸನನ್ನೇ ಕೇಳುವುದೇ! ಬಿಡಿಸಿ ತರಲು ನಾನೇ ಹೋಗಬೇಕಾಯಿತು. ದಾರಿಯುದ್ದಕ್ಕೂ ಅವನಿಗೆ ಒಂದೇ ಬೇಸರ: "ಅತ್ತಿಗೆ, ಅವರು ಉತ್ತರವೇ ಕೊಡ್ಲಿಲ್ಲ."

ಕೊನೆಗೆ, ಯಜಮಾನನಿಗೆ ಯಜಮಾನನೇ ಸರಿ ಎಂದು ಡೊಂಬಿವಿಲಿಗೆ ಹೋಗಿ ಮಾವನ ಸುತ್ತ ಸುಳಿದಾಡತೊಡಗಿದ. ಮಗ ದಾರಿಗೆ ಬಂದನೆಂದು ಮಾವನಿಗೆ ಖುಷಿಯೋ ಖುಷಿ!

ಅಂತೂ ಆಟ ಮುಗಿಯಿತು. ಮೊದಲು ಆಡಿದವರು ಮಾವನೇ. ಅವರ ಕಳ್ಳ ಯಜಮಾನನ ಎಡಗಡೆಯಿಂದಲೇ ರಾಜಾರೋಷವಾಗಿ ನಡೆದು ಮೈಸೂರುಪಾಕು ಹೊತ್ತುಕೊಂಡು ಹೋದ.

"ಪಕ್ಕದಲ್ಲಿ ಬಂದವ ಕಾಣದಿದ್ರೆ ಇವನೆಂತ ಯಜಮಾನ ಮಾರಾಯಾ? ತಪ್ಪಾಗಿದೆ, ಸರಿ ಮಾಡು."

ಮೈದುನ ತಲೆ ತಗ್ಗಿಸಿದ. "ತಪ್ಪಲ್ಲ ಅಪ್ಪ. ಅದು ನಿಮ್ಮದೇ ಅಳತೆ. ಎಡಗಡೆಯಿಂದ ನಾನು ಎಷ್ಟು ಹತ್ತಿರ ಬಂದ್ರೂ ನಿಮಗೆ ಗೊತ್ತಾಗ್ಲೇ ಇಲ್ಲ."

ಮಾವ ಆಗಾಗ ಬಾಗಿಲಿಗೆ ಎಡಭುಜ ತಾಗಿಸಿಕೊಳ್ಳುವುದನ್ನು ನಾವೆಲ್ಲ ವಯಸ್ಸಿನ ಲೆಕ್ಕಕ್ಕೆ ಸೇರಿಸಿದ್ದೆವು.

ಕಣ್ಣಿನ ಡಾಕ್ಟರು ಸಿಕ್ಕಿದ್ದು ಠಾಣೆಯಲ್ಲಿ, ಅದೂ ಕಂಪನಿ ಕರೆದ ದಿನವೇ. ಮೈದುನ ಕಂಪನಿಯ ಸುದ್ದಿಯನ್ನೇ ಎತ್ತದೆ ಅಪ್ಪನನ್ನು ಕರೆದುಕೊಂಡು ಹೊರಟ. ನಾನೂ ಜೊತೆಗಿದ್ದೆ. ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ಹೋದ ನೋಟ ಮರಳುವುದಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಬಂದಿದ್ದೀರಿ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ನನಗೆ ಅಳುವೇ ಬಂತು.

ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಹೊರಗೆ ಬಂದಾಗ ಮಾವನಿಗೆ ಎಲ್ಲವೂ ಮಂಜು. ಮೈದುನ ರಿಕ್ಷಾಕ್ಕೆ ಕೈಮಾಡಿ, "ಸ್ಟೇಷನ್" ಎಂದ.

"ಸ್ಟೇಷನ್ನಿಗೆ ಅಲ್ಲ" ಎಂದರು ಮಾವ. "ನಿನ್ನ ಲ್ಯಾಪ್‌ಟಾಪ್ ಅತ್ತಿಗೆಯ ಚೀಲದಲ್ಲಿ ಉಂಟು, ನಾನೇ ಹಾಕಿಸಿದ್ದು. ನಿನ್ನ ಕಂಪನಿ ಎಲ್ಲಿ ಅಂತ ಹೇಳು ಈ ರಿಕ್ಷಾದವನಿಗೆ. ನನ್ನ ಕೈ ಹಿಡ್ಕೋ. ಇವತ್ತು ನೀನು ಕರ್ಕೊಂಡು ಹೋದಲ್ಲಿಗೆ ನಾನು ಬರ್ತೇನೆ."